ಕೂರಲು ಶಕ್ತಳು

ಬಸ್ಸು ಬಂದರಿನ ತಿರುವಿನಲ್ಲಿ ವಾಲಿದಾಗ ರೋನಾಳಿಗೆ ಮತ್ತೆ ನಗು ಬಂತು. ನಗುವಂಥದ್ದೇನೂ ನಡೆದಿರಲಿಲ್ಲ. ಎದುರು ಸೀಟಿನ ಮುದುಕರು ಜಾರಿದ ಟೋಪಿಯನ್ನು ನೆಟ್ಟಗೆ ಮಾಡಿಕೊಂಡರು, ಅಷ್ಟೇ. ಅವಳು ಕೆಮ್ಮುವಂತೆ ನಟಿಸಿ ಕಿಟಕಿಯ ಕಡೆ ತಿರುಗಿದಳು. ಹೊರಗೆ ಸಾಲು ಸಾಲು ಗ್ರಾನೈಟ್ ಮನೆಗಳು, ವರ್ಷವೆಲ್ಲ ಮುಖ ಗಂಟಿಕ್ಕಿಕೊಂಡೇ ಇರುವಂಥವು, ಮೇ ತಿಂಗಳ ಅಪರೂಪದ ಬಿಸಿಲಿಗೆ ಮಿಣಮಿಣ ಹೊಳೆಯುತ್ತಿದ್ದವು. ನಾಲ್ಕು ವರ್ಷ ಭೂವಿಜ್ಞಾನ ಓದಿದವಳಿಗೆ ಆ ಹೊಳಪು ಯಾವ ಖನಿಜದ್ದೆಂದು ನಿದ್ದೆಗಣ್ಣಿನಲ್ಲೂ ಹೇಳಲು ಬರುತ್ತಿತ್ತು. ಈಗ ಕಲ್ಲು ಕಂಡರೆ ಸಾಕು, ನಗು ಗುಳುಗುಳು ಎಂದು ಉಕ್ಕಿ ಬರುತ್ತಿತ್ತು. ಮಗು ಹುಟ್ಟಿದಾಗಿನಿಂದ ಹೀಗೆ. ಮಗು ಅವಳದಲ್ಲ, ಅವಳ ಅಮ್ಮನದು. ಇಪ್ಪತ್ತೆರಡು ವರ್ಷ ಒಬ್ಬಳೇ ಮಗಳೆಂದು ಮೆರೆದವಳಿಗೆ ತಮ್ಮನೊಬ್ಬ ಹುಟ್ಟಿದ್ದ. ಅವನಿಗೆ ಅಪ್ಪನ ಕಿವಿಗಳಿದ್ದವು, ದೊಡ್ಡವು, ಮಡಿಸಿಟ್ಟಂತಿದ್ದವು. ಅವನನ್ನು ನೆನೆದರೆ ಅವಳಿಗೆ ಊಟ ಬೇಡವಾಗುತ್ತಿತ್ತು, ಮರುಗಳಿಗೆಯಲ್ಲೇ ನಾಲ್ಕು ರೋವಿಗಳನ್ನು, ಆ ಊರಿನ ಬೆಣ್ಣೆ ಬನ್ನುಗಳನ್ನು, ಒಂದೇ ಸಮ ತಿಂದುಬಿಡುತ್ತಿದ್ದಳು. ಮೊನ್ನೆ ಅಂಗಡಿಯಲ್ಲಿ ಚಿಲ್ಲರೆ ಕೊಟ್ಟ ಹೆಂಗಸಿನ ಕೈಯನ್ನು ಹಿಡಿದು ಬಿಡದೆ ನಿಂತಿದ್ದಳು. ಆ ಹೆಂಗಸು, ಈ ಕಡೆಯ ಜನರ ಮರ್ಯಾದೆಯಂತೆ, ಏನೂ ಆಗಿಲ್ಲವೆನ್ನುವ ಹಾಗೆ ಹವಾಮಾನದ ಮಾತಾಡಿದ್ದಳು.

ಆದರೆ ಅವಳು ಹೊರಟಿದ್ದು ನಗುವ ಕೆಲಸಕ್ಕಲ್ಲ. ವಿದ್ಯಾರ್ಥಿ ಸಂಘದ ಸಲಹಾ ಕೋಣೆಯಲ್ಲಿ ಇನ್ನೆಸ್ ಎಂಬುವರನ್ನು ಕಾಣಬೇಕಿತ್ತು, ಅವರ ಸಹಾಯದಿಂದ ಸಂಕಷ್ಟದ ಅರ್ಜಿಯನ್ನು ಇವತ್ತು ಸಂಜೆಯೊಳಗೆ ಕಳಿಸಬೇಕಿತ್ತು. ಕೊನೆಯ ವರ್ಷದ ಕಲ್ಲಿನ ಪರೀಕ್ಷೆಯಲ್ಲಿ ಅವಳು ಬರೆದದ್ದು ಏನೇನೂ ಸಾಲದು. ಆ ಪತ್ರಿಕೆ ಹೋದರೆ ಆನರ್ಸ್ ಪದವಿ ಹೋಯಿತು. ಕೊನೆಯ ವರ್ಷದವರಿಗೆ ಎರಡನೆಯ ಸಲ ಕೂರುವ ಅವಕಾಶವಿಲ್ಲ. ಮನೆಯಲ್ಲಿ ಸಾವೋ ರೋಗವೋ ಕಳ್ಳತನವೋ ಆಗಿ ಕೈಮೀರಿತ್ತೆಂದು ತೋರಿಸಿದವರಿಗೆ ಮಾತ್ರ ಆಗಸ್ಟಿನಲ್ಲಿ ಮತ್ತೆ ಬಾಗಿಲು ತೆರೆಯುತ್ತಿತ್ತು. ರೋನಾ ಆ ಅರ್ಜಿಯನ್ನು ಫೋನಿನಲ್ಲಿ ತೆರೆದು ನೋಡಿದ್ದಳು. ಏನಾಯಿತು ಎಂದು ಕೇಳಿ, ಆರಿಸಿಕೊಳ್ಳಲು ದುಃಖಗಳನ್ನು ಒಂದರ ಕೆಳಗೊಂದು ಕೊಟ್ಟಿದ್ದರು. ಅದರಲ್ಲಿ ಸಂತೋಷ ಇರಲಿಲ್ಲ. ಅವಳಿಗೆ ಅಲ್ಲೂ ನಗು ಬಂದಿತ್ತು. 'ಇತರೆ' ಎಂಬುದನ್ನು ಒತ್ತಿ, 'ನನ್ನ ತಾಯಿಗೆ ಮಗುವಾಯಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ' ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದಳು. ಮುಂದಿನದಕ್ಕೆ ಕೈ ಹೋಗಿರಲಿಲ್ಲ.

ಕಾಯುವ ಕೋಣೆಯಲ್ಲಿ ಒಬ್ಬನೇ ಒಬ್ಬ ಕೂತಿದ್ದ. ಅವನನ್ನು ನೋಡುತ್ತಲೇ ಅವಳ ಮುಖ ಬಿಸಿಯಾಯಿತು. ಲ್ಯಾಕ್ಲನ್, ಅವಳ ತರಗತಿಯವನೇ, ಬೆಳ್ಳಗೆ ಉದ್ದಕ್ಕೆ ಬಾಗಿದ ಹುಡುಗ, ಪರೀಕ್ಷೆಯ ದಿನ ಸಾಲಿನಲ್ಲಿ ಅವಳ ಹಿಂದೆಯೇ ಇದ್ದವನು. ಕಲ್ಲಿನ ಪರೀಕ್ಷೆ ಹೀಗೆ: ಉದ್ದನೆಯ ಮೇಜುಗಳ ಮೇಲೆ ಕಲ್ಲುಗಳನ್ನಿಟ್ಟಿರುತ್ತಾರೆ, ಒಂದೊಂದು ಕಲ್ಲಿನ ಮುಂದೆ ಒಬ್ಬೊಬ್ಬರು. ಎತ್ತಿ ತೂಕ ನೋಡಬೇಕು, ಬಣ್ಣ, ಕಣ, ಗೆರೆ ಬರೆದು ಹೆಸರು ಹೇಳಬೇಕು, ಗಂಟೆ ಬಾರಿಸಿದಾಗ ಕಲ್ಲನ್ನು ಅಲ್ಲೇ ಇಟ್ಟು ಬಲಕ್ಕೆ ಸರಿಯಬೇಕು. ಮೊದಲೆರಡು ಕಲ್ಲುಗಳ ಹತ್ತಿರ ರೋನಾ ಸರಿಯಾಗಿಯೇ ಇದ್ದಳು. ಮೂರನೆಯದು ನಸುಗೆಂಪು, ಬೆಣಚುಕಲ್ಲಿನ ನೆರಿಗೆಗಳಿದ್ದದ್ದು, ಒರೆಸಿ ಇಟ್ಟಿದ್ದರಿಂದ ಇನ್ನೂ ಒದ್ದೆಯಾಗಿತ್ತು. ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡಾಗ ತೂಕ ಎಷ್ಟು ಸರಿಯಾಗಿತ್ತೆಂದರೆ ಅವಳ ಮೊಣಕೈ ತಾನಾಗಿ ಮಡಚಿ ಕಲ್ಲು ಎದೆಗೆ ಬಂತು. ಗಂಟೆ ಬಾರಿಸಿತು. ಅವಳು ಸರಿಯಲಿಲ್ಲ. ಮತ್ತೆ ಬಾರಿಸಿತು. ಎಡಗಡೆಯಿಂದ ಬಂದ ಲ್ಯಾಕ್ಲನ್ ಅವಳ ಪಕ್ಕದಲ್ಲಿ ಕೈಕಟ್ಟಿ ನಿಂತು ಪಿಸುಮಾತಿನಲ್ಲಿ, ಪರವಾಗಿಲ್ಲ, ನೀನು ಮುಗಿಸು ಎಂದಿದ್ದ. ಅವನ ಹಿಂದಿನವರೆಲ್ಲ ಅವರಿಬ್ಬರನ್ನು ಸುತ್ತುಹಾಕಿ ಮುಂದಕ್ಕೆ ಹೋದರು. ಮೇಲ್ವಿಚಾರಕಿ ಒಮ್ಮೆ ಹತ್ತಿರ ಬಂದು, ರೋನಾಳ ಮುಖ ನೋಡಿ, ಗದ್ದಲ ಮಾಡುವುದು ಬೇಡವೆಂದು ಕಿಟಕಿಯ ಪರದೆ ಸರಿಮಾಡಿ ವಾಪಸು ಹೋದಳು. ಪರೀಕ್ಷೆ ಮುಗಿಯುವವರೆಗೆ ರೋನಾ ಆ ಕಲ್ಲಿನೊಂದಿಗೇ ಇದ್ದಳು, ಸಣ್ಣಗೆ ತೂಗುತ್ತ. ಉತ್ತರದ ಹಾಳೆಯಲ್ಲಿ ಕಲ್ಲನ್ನು 'ಇವನು' ಎಂದು ಬರೆದಿದ್ದಳಂತೆ. ಬಣ್ಣ ಸುಧಾರಿಸುತ್ತಿದೆ ಎಂದೂ ಬರೆದಿದ್ದಳಂತೆ.

ಅವಳು ಲ್ಯಾಕ್ಲನ್‌ನ ಪಕ್ಕ ಕೂತಳು. ಎದುರು ಗೋಡೆಯ ಮೇಲೆ, ಪರೀಕ್ಷೆಯ ಒತ್ತಡವಿದ್ದವರು ಬುಧವಾರ ಬಂದು ನಾಯಿಮರಿಗಳನ್ನು ಮುದ್ದಿಸಬಹುದೆಂಬ ಪೋಸ್ಟರಿತ್ತು. ಇಬ್ಬರೂ ಅದನ್ನೇ ನೋಡಿದರು. ಅವನೂ ಅರ್ಜಿ ಹಾಕಲು ಬಂದಿದ್ದ. ಅವಳ ಹಿಂದೆ ನಿಂತು ಮಿಕ್ಕ ಕಲ್ಲುಗಳನ್ನು ಕಳಕೊಂಡದ್ದಕ್ಕೆ. ಇದನ್ನು ಹೇಳಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಕಿವಿಯ ತುದಿಯವರೆಗೆ ಕೆಂಪಾದ.

"ಸಾರಿ ರೋನಾ. ನಿನ್ನ ಹೆಸರು ಹಾಕಿಲ್ಲ. ಮುಂದಿದ್ದವರು ಕಲ್ಲು ಬಿಡ್ಲಿಲ್ಲ ಅಂತಷ್ಟೇ ಬರ್ದಿದೀನಿ."

ಅವನ ಪದವಿಗೆ ಕಲ್ಲು ಹಾಕಿದವಳು ತಾನು, ಕ್ಷಮೆ ಕೇಳುತ್ತಿರುವವನು ಅವನು. ನೀನು ನನ್ನ ಕೈಯಿಂದ ಕಿತ್ತುಕೊಳ್ಳಬಾರದಿತ್ತೇ ಎಂದು ಅವಳು ಕೇಳಿದಳು. ಅದು ಹೇಗಾಗುತ್ತೆ ಎಂದ ಅವನು, ನೀನು ಅಷ್ಟು ಜೋಪಾನವಾಗಿ ಹಿಡಿದುಕೊಂಡಿದ್ದೆ. ರೋನಾಳಿಗೆ ತಡೆಯಲಾಗಲಿಲ್ಲ, ಮುಖ ಮುಚ್ಚಿಕೊಂಡು ನಕ್ಕಳು, ಕುರ್ಚಿ ಕಿರುಗುಟ್ಟಿತು, ಲ್ಯಾಕ್ಲನ್ ಕೂಡ ಅನುಮಾನದಿಂದ ಶುರುಮಾಡಿ ಆಮೇಲೆ ಧಾರಾಳವಾಗಿ ನಕ್ಕ. ನಗುತ್ತಿರುವಾಗಲೇ ಅವಳಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆ ಅವಳಿಗೆ ಹೊಸದೇನಲ್ಲ. ಕ್ರಿಸ್‌ಮಸ್ ರಜೆಯಿಂದಲೂ ಅದನ್ನು ಹೊತ್ತುಕೊಂಡೇ ತಿರುಗುತ್ತಿದ್ದಳು. ಗೆಳತಿಯರು ಮನೆಯಲ್ಲೇನು ಸಮಾಚಾರ ಎಂದರೆ ಏನಿಲ್ಲ ಎನ್ನುತ್ತಿದ್ದಳು. ನಲವತ್ತಾರರ ಅಮ್ಮ ಹೊಟ್ಟೆ ಮುಂದೆ ಮಾಡಿಕೊಂಡು ಊರಿನ ಮೀನಂಗಡಿಯ ಸಾಲಿನಲ್ಲಿ ನಿಲ್ಲುವುದು, ಯಾರಾದರೂ ಅದನ್ನು ನೋಡಿ ತನ್ನ ಕಡೆ ತಿರುಗುವುದು, ಇದನ್ನು ನೆನೆದರೆ ಅವಳಿಗೆ ಮೈಯೆಲ್ಲ ಮುದುಡುತ್ತಿತ್ತು.

ಪೋರ್ಟ್‌ಕ್ಯಾರಿಯಲ್ಲಿ, ಅವರ ಊರಿನಲ್ಲಿ, ಮನೆಗೆ ಬೆಂಕಿ ಬಿದ್ದರೂ ಜನ ಇವತ್ತು ಸ್ವಲ್ಪ ಬೆಚ್ಚಗಿದೆ ಎನ್ನುವವರೇ. ಅಮ್ಮ, ಇಸೊಬೆಲ್, ಅವರೆಲ್ಲರಿಗಿಂತ ಒಂದು ಕೈ ಮೇಲು. ಅವತ್ತು ಬೆಳಕು ಹರಿಯುವ ಹೊತ್ತಿಗೆ ಅಡುಗೆಮನೆಯಲ್ಲಿ ಸಿಂಕನ್ನು ಹಿಡಿದು ನಿಂತವಳು, ಬಟ್ಟೆ ಒಗೆಯಲೆಂದು ವಾರದ ರಜಕ್ಕೆ ಬಂದು ಇನ್ನೂ ಉಳಿದಿದ್ದ ಮಗಳನ್ನು ಕೂಗಿ, ನಿನಗೆ ತೊಂದರೆಯಿಲ್ಲದಿದ್ದರೆ ಆಂಬುಲೆನ್ಸಿಗೆ ಒಂದು ಫೋನ್ ಮಾಡುತ್ತೀಯಾ ಎಂದು ಕೇಳಿದ್ದಳು. ಕಿಟಕಿಯಾಚೆ ಏನೂ ಇರಲಿಲ್ಲ. ಸಮುದ್ರದ ಮಂಜು ಬಂದು ಬೇಲಿಯನ್ನೂ ರಸ್ತೆಯನ್ನೂ ಒರೆಸಿಹಾಕಿತ್ತು. ಅಪ್ಪ ಸಮುದ್ರದ ನಡುವೆ ತೈಲ ತೆಗೆಯುವ ಕಟ್ಟೆಯ ಮೇಲೆ ಕೆಲಸದಲ್ಲಿದ್ದ, ಅಲ್ಲಿಂದ ಕರೆತರುವ ಹೆಲಿಕಾಪ್ಟರುಗಳೆಲ್ಲ ಮಂಜಿಗೆ ನಿಂತಿದ್ದವು. ಆಂಬುಲೆನ್ಸು ಹೊರಟಿದೆ, ಆದರೆ ಮಂಜಿನಲ್ಲಿ ತೆವಳುತ್ತ ಬರುತ್ತಿದೆ ಎಂದು ಫೋನಿನ ಹೆಂಗಸು ಹೇಳಿದಳು. ಆಮೇಲಿನದೆಲ್ಲ ಬೇಗ ಬೇಗ. ಅಮ್ಮ ನೆಲದ ಮೇಲೆ, ಒಗೆದ ಟವೆಲುಗಳೆಲ್ಲ ನೆಲದ ಮೇಲೆ, ರೋನಾ ಮಂಡಿಯೂರಿ, ಫೋನು ಸಕ್ಕರೆ ಡಬ್ಬಿಗೆ ಒರಗಿ. ಅಮ್ಮ ಒಂದು ಸಲವೂ ಕಿರುಚಲಿಲ್ಲ. ನಡುವೆ ಒಮ್ಮೆ, ನಿನ್ನ ಒಳ್ಳೆ ಸ್ವೆಟರ್ ಹಾಳಾಗುತ್ತೆ, ಬಿಚ್ಚಿಡು ಎಂದಳು. ಆಗ ಇಬ್ಬರೂ ನಕ್ಕರು. ಮರುಕ್ಷಣ ಅವನು ರೋನಾಳ ಕೈಗೆ ಬಂದ, ಬೆಚ್ಚಗೆ, ಜಾರುತ್ತ, ಅವಳು ಎಣಿಸಿದ್ದಕ್ಕಿಂತ ಭಾರವಾಗಿ.

ಇನ್ನೆಸ್ ಬಾಗಿಲು ತೆರೆದು ಹೆಸರು ಕರೆದರು. ಐವತ್ತರ ಆಸುಪಾಸಿನ ಮನುಷ್ಯ, ಸೈಕಲ್ಲಿನ ಹೆಲ್ಮೆಟ್ಟನ್ನು ತೆಗೆಯಲು ಮರೆತವರಂತೆ ತಲೆಯ ಮೇಲೇ ಇಟ್ಟುಕೊಂಡಿದ್ದರು. ಅದನ್ನು ನೋಡಿ ನಗಬಾರದೆಂದು ರೋನಾ ನಾಲಿಗೆ ಕಚ್ಚಿಕೊಂಡಳು. ಅವರು ಅವಳ ಅರ್ಜಿಯನ್ನು ಓದಿದರು. ಓದಲು ಎರಡೇ ವಾಕ್ಯ ಇದ್ದರೂ ಬಹಳ ಹೊತ್ತು ತೆಗೆದುಕೊಂಡರು. ಅವರು ವಿಶ್ವವಿದ್ಯಾಲಯದ ಕಡೆಯವರಲ್ಲ, ವಿದ್ಯಾರ್ಥಿಗಳ ಕಡೆಯವರು. ಸಮಿತಿಯ ಮುಂದೆ ಏನು ನಿಲ್ಲುತ್ತದೆ ಏನು ಬೀಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

"ಇದನ್ನ ಓದಿದ್ರೆ ಸಮಿತಿಯವರು ಅಭಿನಂದನೆಗಳು ಅಂತ ಬರ್ದು ಕಳಿಸ್ತಾರೆ, ಅಷ್ಟೇಯ."

ತೊಂದರೆ ಅದೊಂದೇ ಅಲ್ಲ ಎಂದು ಅವರು ವಿವರಿಸಿದರು. ಇಲ್ಲಿಯ ನಿಯಮದ ಪ್ರಕಾರ ಪರೀಕ್ಷೆಯ ಕೋಣೆಗೆ ಹೋಗಿ ಕೂತವರು, ತಾವು ಕೂರಲು ಶಕ್ತರೆಂದು ಒಪ್ಪಿಕೊಂಡ ಹಾಗೆ. ಆಗಲ್ಲ ಅನಿಸಿದವರು ಬೆಳಿಗ್ಗೆಯೇ ತಿಳಿಸಿ ಮನೆಯಲ್ಲಿರಬೇಕಿತ್ತು. ಕೂತಮೇಲೆ ಆಗಲಿಲ್ಲ ಎಂದರೆ ನಡೆಯದು. ಒಂದೇ ಸಂದಿ ಇದೆ: ತಾನು ಶಕ್ತಳೋ ಅಲ್ಲವೋ ಎಂದು ತೀರ್ಮಾನಿಸುವ ಶಕ್ತಿಯೇ ಆ ಹೊತ್ತಿಗೆ ಇರಲಿಲ್ಲವೆಂದು ತೋರಿಸಬೇಕು. ರೋನಾ ಅದನ್ನು ಮನಸ್ಸಿನಲ್ಲೇ ತಿರುವಿ ನೋಡಿದಳು. ಬುದ್ಧಿ ನೆಟ್ಟಗಿದ್ದವರು ಮನೆಯಲ್ಲಿರುತ್ತಾರೆ, ಬುದ್ಧಿ ಕೆಟ್ಟವರು ಹೋಗಿ ಕೂರುತ್ತಾರೆ, ಕೂತಿದ್ದಕ್ಕೆ ಬುದ್ಧಿ ನೆಟ್ಟಗಿತ್ತು ಎನ್ನುತ್ತಾರೆ. ಈ ಸಲ ನಗು ಹೊರಗೇ ಬಂದುಬಿಟ್ಟಿತು. ಇನ್ನೆಸ್ ಬೇಸರಪಡಲಿಲ್ಲ. ನೀನು ಸಂತೋಷವಾಗಿ ಕಾಣಿಸುತ್ತಿದ್ದೀಯ, ಅದೇ ಕಷ್ಟ ಎಂದರು. ಆಮೇಲೆ ಹೆಲ್ಮೆಟ್ಟು ನೆನಪಾಗಿ ಅದನ್ನು ತೆಗೆದು ಮೇಜಿನ ಮೇಲಿಟ್ಟು ಕೇಳಿದರು:

"ಮಗು ಹುಟ್ಟಿದ್ದು ಸರಿ. ನಿನಗೇನಾಯ್ತು?"

ನನಗೇನಾಗುತ್ತೆ, ಏನೂ ಆಗಿಲ್ಲ ಎಂದು ಹೇಳಲು ಅವಳು ಬಾಯಿ ತೆರೆದಳು. ಪೋರ್ಟ್‌ಕ್ಯಾರಿಯವರ ಬಾಯಿ ಆ ಮಾತಿಗೆ ತಾನಾಗಿ ತೆರೆದುಕೊಳ್ಳುತ್ತದೆ. ನೆನಪಾದದ್ದು ಆ ಬೆಳಗಿನ ಅಡುಗೆಮನೆ. ಅವನು ಅಳಲಿಲ್ಲ. ಕೈಯಲ್ಲಿದ್ದ, ಕಣ್ಣು ಮುಚ್ಚಿತ್ತು, ಬಣ್ಣ ಸರಿಯಿರಲಿಲ್ಲ, ಅಳಲಿಲ್ಲ. ಒರೆಸು, ಬೆನ್ನು ಉಜ್ಜು, ಜೋರಾಗಿ ಉಜ್ಜು ಎಂದು ಫೋನಿನ ದನಿ ಹೇಳುತ್ತಿತ್ತು. ಅವಳು ಉಜ್ಜಿದಳು. ಮಂಜಿನಲ್ಲಿ ಹೊರಗಿನ ಶಬ್ದವೂ ಇರಲಿಲ್ಲ, ಒಳಗಿನ ಶಬ್ದವೂ ಇರಲಿಲ್ಲ. ಕ್ರಿಸ್‌ಮಸ್ಸಿನ ಹಿಂದಿನ ದಿನ ಇದೇ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಅಮ್ಮ ಸುದ್ದಿ ಹೇಳಿದಾಗ ರೋನಾ ಏನೆಂದಿದ್ದಳು? ಈ ವಯಸ್ಸಿನಲ್ಲಾ ಎಂದಿದ್ದಳು. ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ಬೇಡ ಅನ್ನೋಕೆ ಇನ್ನೂ ಸಮಯ ಇದೆ ಅಲ್ವಾ ಎಂದಿದ್ದಳು. ಅಮ್ಮ ಆಲೂಗಡ್ಡೆಯ ಕಣ್ಣನ್ನು ಕಿತ್ತು, ಟೀ ಮಾಡಲಾ ಎಂದು ಕೇಳಿದ್ದಳು. ಆಮೇಲೆ ಇಬ್ಬರೂ ಆ ಮಾತನ್ನು ಎತ್ತಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಅದು ಎಲ್ಲೂ ಹೋಗಿರಲಿಲ್ಲವೆಂದು, ಐದು ತಿಂಗಳು ಕಾದು ಕೂತಿತ್ತೆಂದು, ತನ್ನ ಮಾತೇ ಈ ಮಗುವಿನ ಮೂಗುಬಾಯಿ ಮುಚ್ಚಿ ಹಿಡಿದಿದೆಯೆಂದು ರೋನಾಳಿಗೆ ಖಂಡಿತವಾಗಿ ಗೊತ್ತಾಯಿತು. ಆಮೇಲೆ ಅವನು ಅತ್ತ. ಎಂಥ ಅಳು! ಅಪ್ಪನ ಕಿವಿಗಳು ಕೆಂಪಾದವು. ಅಲ್ಲಿಂದಲೇ ಅವಳಿಗೆ ನಗು ಹಿಡಿದದ್ದು, ಆಂಬುಲೆನ್ಸಿನವರು ಬಂದಾಗಲೂ ನಗುತ್ತಿದ್ದಳು, ಆಸ್ಪತ್ರೆಯ ಲಿಫ್ಟಿನಲ್ಲೂ. ಮಧ್ಯಾಹ್ನವಾಗುತ್ತಿದ್ದಂತೆ ಅಮ್ಮ ಹಾಸಿಗೆಯಿಂದಲೇ, ನಿನಗೆ ಇವತ್ತೇ ಪರೀಕ್ಷೆ ಇದೆಯಲ್ಲ, ನಾನು ಚೆನ್ನಾಗಿದ್ದೀನಿ, ಹೊರಡು ಎಂದು ತನ್ನ ಊಟದ ತಟ್ಟೆಯ ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು. ಹೋಗಬಾರದೆಂದು ಇಬ್ಬರಿಗೂ ಹೊಳೆಯಲಿಲ್ಲ. ಬಸ್ಸು ಇತ್ತು, ಪರೀಕ್ಷೆ ಇತ್ತು, ಹೋದಳು.

ಇದನ್ನೆಲ್ಲ ಅವಳು ಇನ್ನೆಸ್‌ಗೆ ಹೇಳಲಿಲ್ಲ. ಸ್ವಲ್ಪ ಹೊತ್ತು ಮಗು ಅಳಲಿಲ್ಲ ಎಂದಷ್ಟೇ ಹೇಳಿದಳು. ಇನ್ನೆಸ್ ಪೆನ್ನು ಕೆಳಗಿಟ್ಟರು. ಅದು ಬೇಕು ಎಂದರು, ಅದನ್ನೇ ನಿನ್ನ ಮಾತಿನಲ್ಲಿ ಬರಿ. ಜೊತೆಗೆ ಆವತ್ತು ನಿನ್ನನ್ನು ನೋಡಿದವರು, ನಿನ್ನ ಸ್ಥಿತಿ ಹೇಗಿತ್ತೆಂದು ಎರಡು ಸಾಲು ಬರೆದುಕೊಡಬೇಕು. ಆಸ್ಪತ್ರೆಯ ಕಾಗದ ಮಗುವಿನ ಸಾಕ್ಷಿ ಹೇಳುತ್ತದೆ, ನಿನ್ನದನ್ನಲ್ಲ. ನೋಡಿದವರು ಯಾರಿದ್ದರು? ರೋನಾ ಯೋಚಿಸಿದಳು. ಲ್ಯಾಕ್ಲನ್ ಕಲ್ಲನ್ನು ನೋಡಿದ್ದ. ಅಡುಗೆಮನೆಯಲ್ಲಿದ್ದವಳು ಅಮ್ಮ ಒಬ್ಬಳೇ.

ಕಾರಿಡಾರಿನ ತುದಿಯಲ್ಲಿ, ಕಾಫಿ ಯಂತ್ರದ ಪಕ್ಕ ನಿಂತು ಅವಳು ಮನೆಗೆ ಫೋನ್ ಮಾಡಿದಳು. ಅಮ್ಮ ಹಾಲು ಕುಡಿಸುತ್ತಿದ್ದಳು. ಚೀಪುವ ಸದ್ದು ಕೇಳಿಸುತ್ತಿತ್ತು. ಅಪ್ಪ ಬಂದಿದ್ದಾನಂತೆ, ಮಗುವನ್ನು ಎತ್ತಿಕೊಳ್ಳಲು ಹೆದರಿ ಎರಡು ದಿನದಿಂದ ತೋಟದ ಬೇಲಿಗೆ ಬಣ್ಣ ಹೊಡೆಯುತ್ತಿದ್ದಾನಂತೆ. ರೋನಾ ನಕ್ಕಳು, ಅಮ್ಮ ನಕ್ಕಳು. ನಂತರ ರೋನಾ ಸಲೀಸಾಗಿ, ಪೇಟೆಯಿಂದ ಬ್ರೆಡ್ಡು ತಾ ಎನ್ನುವಷ್ಟು ಸಲೀಸಾಗಿ, ಆವತ್ತು ನಾನು ಸರಿಯಿರಲಿಲ್ಲ ಅಂತ ಎರಡು ಸಾಲು ಬರೆದುಕೊಡು ಎಂದಳು. ನೀನು ಸರಿಯಾಗೇ ಇದ್ದೆಯಲ್ಲ ಎಂದಳು ಅಮ್ಮ, ಎಷ್ಟು ಚೆನ್ನಾಗಿ ನೋಡಿಕೊಂಡೆ. ಇದು ಹೀಗೇ ಮುಗಿದುಹೋಗುತ್ತದೆಂದು, ಅಮ್ಮ ಈಗ ಟೀಯ ಮಾತೆತ್ತುತ್ತಾಳೆಂದು ರೋನಾಳಿಗೆ ಗೊತ್ತಿತ್ತು. ಹೀಗೇ ಮುಗಿದರೆ ಪದವಿ ಹೋಗುತ್ತದೆ. ಪದವಿ ಹೋಗಲಿ, ಆ ಮಾತು ಅಡುಗೆಮನೆಯಲ್ಲೇ ಉಳಿಯುತ್ತದೆ, ತಮ್ಮ ಅಲ್ಲೇ ಅಂಬೆಗಾಲಿಡುತ್ತಾನೆ.

"ಅಮ್ಮ, ಅವನು ಅಳ್ಲಿಲ್ವಲ್ಲ, ಆಗ ನಾನೇ ಸಾಯ್ಸಿಬಿಟ್ಟೆ ಅಂದ್ಕೊಂಡೆ. ಕ್ರಿಸ್‌ಮಸ್ಸಲ್ಲಿ ಹಾಗಂದಿದ್ನಲ್ಲ, ಅದಕ್ಕೆ."

ಚೀಪುವ ಸದ್ದು ನಿಂತಿತು. ಮಗುವನ್ನು ಹೆಗಲಿಗೆ ಹಾಕಿಕೊಂಡಿರಬೇಕು. ಬೆನ್ನು ತಟ್ಟುವ ಸದ್ದು ಬಂತು, ನಿಧಾನಕ್ಕೆ.

"ನವೆಂಬರಲ್ಲಿ ನಾನೇ ಹೋಗಿದ್ದೆ ಕಣೆ, ಕ್ಲಿನಿಕ್ಕಿಗೆ. ನಿಮ್ಮಪ್ಪನಿಗೂ ಹೇಳಿರ್ಲಿಲ್ಲ. ಹೆಸರು ಕರೆದ್ರು, ಎದ್ದು ವಾಪಸ್ ಬಂದ್ಬಿಟ್ಟೆ. ನೀನು ಅಂದಿದ್ದು ನಾನು ಮೊದ್ಲೇ ಅಂದ್ಕೊಂಡಿದ್ದೇ."

ರೋನಾ ಕಾಫಿ ಯಂತ್ರಕ್ಕೆ ಒರಗಿದಳು. ಅದು ಬೆಚ್ಚಗೆ ಗುಂಯ್‌ಗುಡುತ್ತಿತ್ತು. ಅವಳ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ತಲೆ ಹಗುರಾಗಿ ತಿರುಗುತ್ತಿತ್ತು, ಜಾತ್ರೆಯ ತೊಟ್ಟಿಲಿನಿಂದ ಆಗತಾನೇ ಇಳಿದವಳಂತೆ ನೆಲ ಅತ್ತಿತ್ತ ಹೋಗುತ್ತಿತ್ತು. ಇಷ್ಟು ದಿನ ಇಬ್ಬರೂ ಒಂದೇ ಮಾತನ್ನು ಒಂದೇ ಮನೆಯಲ್ಲಿ ಬೇರೆ ಬೇರೆ ಕಪಾಟಿನಲ್ಲಿ ಬಚ್ಚಿಟ್ಟುಕೊಂಡು, ನಡುವೆ ಟೀ ಮಾಡಿ ಕುಡಿಯುತ್ತ ಇದ್ದರು. ಅವಳಿಗೆ ಅಮ್ಮನ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಫೋನನ್ನೇ ಎರಡು ಕೈಯಲ್ಲಿ ಕೆನ್ನೆಗೆ ಒತ್ತಿಕೊಂಡಳು. ಅಲ್ಲಿ ಅಮ್ಮ ಮೂಗು ಒರೆಸಿಕೊಂಡು, ಇದನ್ನೂ ಬರೀಬೇಕಾ ಎಂದು ಕೇಳಿದಳು, ಸ್ವಲ್ಪ ಗಾಬರಿಯಿಂದ. ಬೇಡ, ಪರೀಕ್ಷೆಗೆ ಹೋಗುವ ಸ್ಥಿತಿಯಲ್ಲಿ ನಾನಿರಲಿಲ್ಲ ಎಂದರೆ ಸಾಕು ಎಂದಳು ರೋನಾ. ಅದನ್ನು ಹೇಗೆ ಬರೆಯಲಿ, ಹೋಗು ಎಂದವಳು ನಾನೇ ಅಲ್ಲವೇ ಎಂದಳು ಅಮ್ಮ. ಸ್ಯಾಂಡ್‌ವಿಚ್ಚು ಬೇರೆ ಕಟ್ಟಿಕೊಟ್ಟೆ. ಇಬ್ಬರೂ ಮತ್ತೆ ನಗಲು ಶುರುಮಾಡಿದರು. ಅಮ್ಮನ ನಗು ನಡುವೆಯೇ ಎಲ್ಲೋ ಬಿರುಕು ಬಿಟ್ಟಿತು.

"ನೀನು ಸರಿಯಿರ್ಲಿಲ್ಲ ಅಂತ ನಾನು ಬರೀತೀನಿ. ನಾನು ಸರಿಯಿರ್ಲಿಲ್ಲ ಅಂತ ಯಾರು ಬರೀತಾರೆ, ರೋನಾ?"

ನಲವತ್ತಾರು ವರ್ಷದಲ್ಲಿ ಇಸೊಬೆಲ್ ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಆಂಬುಲೆನ್ಸನ್ನು ಕೂಡ, ನಿನಗೆ ತೊಂದರೆಯಿಲ್ಲದಿದ್ದರೆ ಎಂದು ಕೇಳಿದವಳು.

"ನಾನು ಬರೀತೀನಿ ಅಮ್ಮ."

ಅವಳು ಮುಖ ತೊಳೆದುಕೊಂಡು ಒಳಗೆ ಬಂದಾಗ ಇನ್ನೆಸ್ ಏನೂ ಕೇಳದೆ ಕುರ್ಚಿ ಎಳೆದುಕೊಟ್ಟರು, ತಮ್ಮ ಡಬ್ಬಿಯಿಂದ ಒಂದು ಬಿಸ್ಕತ್ತನ್ನೂ ಇಟ್ಟರು. ಸಮಿತಿ ಜೂನ್ ಮೊದಲ ವಾರದಲ್ಲಿ ಅವಳ ಅರ್ಜಿಯನ್ನು ಒಪ್ಪಿತು, ಲ್ಯಾಕ್ಲನ್‌ನದನ್ನೂ ಒಪ್ಪಿತು, ಆಗಸ್ಟಿನಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಂತರು. ಆದರೆ ಆ ಮಧ್ಯಾಹ್ನ ಅದು ಯಾರಿಗೂ ಗೊತ್ತಿರಲಿಲ್ಲ. ರೋನಾ ತಾನು ಬರೆದಿದ್ದ ಎರಡು ವಾಕ್ಯಗಳನ್ನು ಅಳಿಸಿದಳು. ಬಿಸ್ಕತ್ತನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಬರೆಯತೊಡಗಿದಳು, ನಿಲ್ಲಿಸದೆ, ಬಹಳ ಬೇಗ. ಇನ್ನೆಸ್ ಬಗ್ಗಿ ಮೊದಲ ಸಾಲನ್ನು ಓದಿದರು. ಇದು ನಿನ್ನ ಅರ್ಜಿ, ನಿನ್ನಿಂದ ಶುರುಮಾಡಬೇಕಲ್ಲವೇ ಎಂದರು. ಇದು ಇರಲಿ ಎಂದಳು ಅವಳು. ಅವಳು ಬರೆದದ್ದು ಹೀಗಿತ್ತು: ಆವತ್ತು ಬೆಳಿಗ್ಗೆ ನನ್ನ ಅಮ್ಮನಿಗೆ ತುಂಬಾ ಭಯವಾಗಿತ್ತು, ಅವಳು ಅದನ್ನು ಯಾರಿಗೂ ಹೇಳಲಿಲ್ಲ.